ಹಿತ್ತಾಳೆಯಲ್ಲಿ ಸಿಕ್ಕ ಗಮಕ

ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನಲ್ಲಿ ಜಾಝ್ ಓದುತ್ತಿದ್ದ ರುದ್ರೇಶ್ ಮಹಾಂತಪ್ಪ ಅವರಿಗೆ ಅವರ ಅಣ್ಣ ಒಮ್ಮೆ ಒಂದು ಆಲ್ಬಂ ತಂದುಕೊಟ್ಟರು. ಅದರ ಹೆಸರು ‘ಸ್ಯಾಕ್ಸೊಫೋನ್ ಇಂಡಿಯನ್ ಸ್ಟೈಲ್’. ಕೊಟ್ಟದ್ದು ತಮಾಷೆಗೆ. ಹೊತ್ತಿಲ್ಲ ಗೊತ್ತಿಲ್ಲ ಸ್ಯಾಕ್ಸೊಫೋನ್ ಊದುವ ತಮ್ಮನಿಗೆ ಇಂಥ ಹೆಸರಿನ ರೆಕಾರ್ಡು ಸಿಕ್ಕರೆ ಯಾವ ಅಣ್ಣ ತಾನೇ ಬಿಟ್ಟಾನು! ಆದರೆ ಕೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ರುದ್ರೇಶ್ ಊದುತ್ತಿದ್ದ ಅದೇ ಆಲ್ಟೊ ಸ್ಯಾಕ್ಸೊಫೋನಿನಲ್ಲಿ, ಅವರ ಯಾವ ಮೇಷ್ಟ್ರೂ ಹೇಳಿಕೊಡದ ರೀತಿಯಲ್ಲಿ ಒಬ್ಬರು ರಾಗ ನುಡಿಸುತ್ತಿದ್ದರು. ಸ್ವರಗಳು ಮೆಟ್ಟಿಲು ಹತ್ತಿದಂತೆ ಒಂದೊಂದಾಗಿ ಬರದೆ, ಒಂದರೊಳಗಿಂದ ಇನ್ನೊಂದು ಜಾರಿ ಬರುತ್ತಿದ್ದವು. ನುಡಿಸಿದವರು ಕದ್ರಿ ಗೋಪಾಲನಾಥ್.

ಮಹಾಂತಪ್ಪ ಎಂಬ ಹೆಸರು ಕಿವಿಗೆ ಬಿದ್ದರೆ ನಮ್ಮ ಇಳಕಲ್ ಕಡೆಯವರು ತಿರುಗಿ ನೋಡುತ್ತೇವೆ. ಮಹಾಂತೇಶನ ಮಠ ಇರುವ ಊರು. ಓಣಿಗೊಬ್ಬ ಮಹಾಂತಪ್ಪ, ಮನೆಗೊಬ್ಬ ಮಹಾಂತೇಶ ಇಲ್ಲಿ ಇದ್ದೇ ಇರುತ್ತಾನೆ. ಈ ರುದ್ರೇಶ್ ನಮ್ಮ ಓಣಿಯವರಲ್ಲ. ಕರ್ನಾಟಕದಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ದಂಪತಿಯ ಮಗ. ತಂದೆ ಕೆ.ಟಿ. ಮಹಾಂತಪ್ಪ ಭೌತವಿಜ್ಞಾನಿ, ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದವರು. ಮಗ ಹುಟ್ಟಿದ್ದು 1971ರಲ್ಲಿ, ಇಟಲಿಯ ಟ್ರಿಯೆಸ್ಟೆಯಲ್ಲಿ. ಬೆಳೆದದ್ದು ಕೊಲರಾಡೊದ ಬೋಲ್ಡರ್ ಊರಿನಲ್ಲಿ. ಚಾರ್ಲಿ ಪಾರ್ಕರ್‌ನ ರೆಕಾರ್ಡುಗಳಿಗೆ ಮರುಳಾಗಿ ಜಾಝ್ ಹಿಡಿದವರು. ಮುಖ ಮತ್ತು ಹೆಸರು ನೋಡಿದವರೆಲ್ಲ ಇವರಿಗೆ ರಾಗ, ತಾಳ ಹುಟ್ಟಿನಿಂದಲೇ ಬಂದಿರಬೇಕು ಅಂದುಕೊಳ್ಳುತ್ತಿದ್ದರು. ಬೋಲ್ಡರಿನಲ್ಲಿ ಬೆಳೆದ ಹುಡುಗನಿಗೆ ಅದೆಲ್ಲಿಂದ ಬರಬೇಕು? ಬಂದದ್ದು ಆ ಆಲ್ಬಂನಿಂದ. ಅದು ಹೇಗೆ ಹುಟ್ಟಿತು ಅನ್ನುವುದೇ ಈ ಕತೆಯ ಹೊಟ್ಟೆಯೊಳಗಿನ ದೊಡ್ಡ ಕತೆ.

ಗೋಪಾಲನಾಥ್ ಹುಟ್ಟಿದ್ದು 1949ರ ಡಿಸೆಂಬರ್ 6ರಂದು, ದಕ್ಷಿಣ ಕನ್ನಡದ ಬಂಟ್ವಾಳ ತಾಲ್ಲೂಕಿನ ಸಜೀಪಮೂಡದಲ್ಲಿ. ತಂದೆ ತನಿಯಪ್ಪ ನಾಗಸ್ವರ ವಿದ್ವಾಂಸರು. ಮಗನೂ ಮೊದಲು ಕೈಗೆತ್ತಿಕೊಂಡದ್ದು ನಾಗಸ್ವರವನ್ನೇ. ಎಳೆಯ ವಯಸ್ಸಿನಲ್ಲಿ ಮೈಸೂರಿಗೆ ಹೋದಾಗ ಅರಮನೆಯ ಬ್ಯಾಂಡಿನಲ್ಲಿ ಒಬ್ಬರು ಸ್ಯಾಕ್ಸೊಫೋನ್ ನುಡಿಸುವುದನ್ನು ಕಂಡರು. ಆ ದನಿ ಹುಡುಗನನ್ನು ಹಿಡಿದುಕೊಂಡುಬಿಟ್ಟಿತು. ನುಡಿಸಿದರೆ ಇದನ್ನೇ ನುಡಿಸಬೇಕು, ಇದರಲ್ಲೇ ಕರ್ನಾಟಕ ಸಂಗೀತ ನುಡಿಸಬೇಕು ಎಂಬ ಹಟ ಅಲ್ಲಿಂದ ಶುರುವಾಯಿತು. ಹಟ ಸಾಧಿಸಲು ಹೆಚ್ಚುಕಡಿಮೆ 20 ವರ್ಷ ಹಿಡಿಯಿತು.

ಇಪ್ಪತ್ತು ವರ್ಷ ಯಾಕೆ ಬೇಕಾಯಿತು ಎಂದು ತಿಳಿಯಲು ನಮ್ಮ ಭಾಗದ ಊದುವಾದ್ಯ ಸನಾದಿಯನ್ನು ಹತ್ತಿರದಿಂದ ನೋಡಬೇಕು. ಬಾಗಲಕೋಟೆ, ಬಾದಾಮಿ, ಹುನಗುಂದದ ಕಡೆ ಜಾತ್ರೆ, ಮದುವೆಗಳಲ್ಲಿ ಕರಡಿ ಮಜಲು ಮೇಳ ಹೊರಟಿತೆಂದರೆ ಕರಡಿ ಎಂಬ ಚರ್ಮವಾದ್ಯದ ಗುಡುಗಿನ ಮೇಲೆ ತೇಲುವುದು ಸನಾದಿಯೇ. ನುಡಿಸುವವನ ಬೆರಳು ನೋಡಿ. ಬೆರಳಿನ ಮೆತ್ತನೆಯ ತುದಿಯೇ ತೂತಿನ ಮುಚ್ಚಳ. ಆತ ಅದನ್ನು ಪೂರ್ತಿ ಎತ್ತುವುದಿಲ್ಲ. ಅಂಚಿನಿಂದ ಕೂದಲೆಳೆಯಷ್ಟು ಸರಿಸುತ್ತಾನೆ, ಆಮೇಲೆ ಇನ್ನೊಂದಿಷ್ಟು. ತೂತು ಕಾಲುಭಾಗ ತೆರೆದಾಗ ಒಂದು ಸ್ವರ, ಅರ್ಧ ತೆರೆದಾಗ ಇನ್ನೊಂದು. ಮಧ್ಯೆ ಎಲ್ಲಿಯೂ ಕಡಿಯದ ಜಾರು. ಮೀಂಡ್ ಎನ್ನುವುದು ಹುಟ್ಟುವುದು ಆ ಅರೆತೆರೆದ ತೂತಿನಲ್ಲಿ. ನಾಗಸ್ವರದವರೂ ಗಮಕ ತೆಗೆಯುವುದು ಹೀಗೆ ಬೆರಳಿನಿಂದ, ಜೊತೆಗೆ ಉಸಿರು ಮತ್ತು ತುಟಿಯಿಂದ.

ಸ್ಯಾಕ್ಸೊಫೋನಿನಲ್ಲಿ ಬೆರಳು ತೂತನ್ನು ಮುಟ್ಟುವುದೇ ಇಲ್ಲ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ಪಡೆದ ಈ ವಾದ್ಯ ಮುಖ್ಯವಾಗಿ ಸೈನ್ಯದ ಬ್ಯಾಂಡುಗಳಿಗಾಗಿ ಮಾಡಿದ್ದು. ಹಿತ್ತಾಳೆಯ ಕೊಳವೆ, ಅದರ ಮೈತುಂಬ ಇಪ್ಪತ್ತಕ್ಕೂ ಹೆಚ್ಚು ತೂತು. ಕೆಳಗಿನ ತೂತುಗಳಂತೂ ಯಾವ ಬೆರಳಿಗೂ ಮುಚ್ಚಲಾಗದಷ್ಟು ಅಗಲ. ಅದಕ್ಕೇ ಪ್ರತಿ ತೂತಿಗೂ ಮೆತ್ತೆ ಅಂಟಿಸಿದ ಮುಚ್ಚಳ, ಮುಚ್ಚಳಕ್ಕೊಂದು ಸನ್ನೆ, ಸನ್ನೆಗೊಂದು ಸ್ಪ್ರಿಂಗು. ಬೆರಳು ಕೀಲಿಯನ್ನು ಒತ್ತಿದರೆ ದೂರದಲ್ಲೆಲ್ಲೋ ಮುಚ್ಚಳ ಬೀಳುತ್ತದೆ, ಬಿಟ್ಟರೆ ಏಳುತ್ತದೆ. ಸೈನ್ಯದ ಬ್ಯಾಂಡಿಗೆ ಅಷ್ಟೇ ಬೇಕು: ನಲವತ್ತು ಜನ ಒಟ್ಟಿಗೆ ಊದಿದರೂ ಸ್ವರ ಅತ್ತಿತ್ತ ಅಲುಗಬಾರದು. ಆದರೆ ತೋಡಿ ರಾಗದ ಗಾಂಧಾರ ಒಂದೆಡೆ ನಿಂತರೆ ಅದು ತೋಡಿಯೇ ಅಲ್ಲ. ರಿಷಭ, ಮಧ್ಯಮಗಳ ನಡುವೆ ಅದು ತೂಗಬೇಕು. ಅಲುಗಬಾರದೆಂದೇ ಮಾಡಿದ ಯಂತ್ರದಲ್ಲಿ ಈ ತೂಗಾಟವನ್ನು ಹುಟ್ಟಿಸುವುದು ಹೇಗೆ ಎಂಬುದು ಗೋಪಾಲನಾಥರ ಮುಂದಿದ್ದ ಪ್ರಶ್ನೆ.

ಜಾಝ್‌ನವರಿಗೆ ಸ್ವರ ಜಾರಿಸುವುದು ಗೊತ್ತಿರಲಿಲ್ಲವೆಂದಲ್ಲ. ಡ್ಯೂಕ್ ಎಲಿಂಗ್ಟನ್ ತಂಡದ ಜಾನಿ ಹಾಜಸ್ ಆಲ್ಟೊದಲ್ಲಿ ಬೆಣ್ಣೆಯಂಥ ಜಾರು ತೆಗೆಯುತ್ತಿದ್ದ. ಬಾಯಿಗಂಡಿಯನ್ನು ಕಚ್ಚಿದ ತುಟಿ, ದವಡೆಗಳ ಬಿಗಿ ಸಡಿಲಿಸಿದರೆ ಸ್ವರ ಕೆಳಗಿಳಿಯುತ್ತದೆ, ಬಿಗಿದರೆ ಏರುತ್ತದೆ. ಆದರೆ ಜಾಝ್‌ನಲ್ಲಿ ಆ ಜಾರು ಆಗೊಮ್ಮೆ ಈಗೊಮ್ಮೆ ಬಂದು ಹೋಗುವ ಅಲಂಕಾರ. ರಾಗದಲ್ಲಿ ಅದೇ ಶರೀರ. ಪ್ರತಿ ಸುತ್ತಿನಲ್ಲಿಯೂ, ಪ್ರತಿ ಕಾಲದಲ್ಲಿಯೂ, ಅಷ್ಟೇ ತೂಕದಲ್ಲಿ ಬರಬೇಕು. ಗೋಪಾಲನಾಥ್ ಎರಡೂ ಕಡೆಯಿಂದ ಕೆಲಸ ನಡೆಸಿದರು. ವಾದ್ಯದ ಕೀಲಿ, ಮೆತ್ತೆಗಳ ಜೋಡಣೆಯನ್ನು ತಮಗೆ ಬೇಕಾದಂತೆ ಮಾರ್ಪಡಿಸಿಕೊಂಡರು. ತುಟಿ, ದವಡೆ, ಉಸಿರನ್ನು ನಾಗಸ್ವರದ ಹದಕ್ಕೆ ಪಳಗಿಸಿದರು. ಅವರ ಆಲಾಪನೆ ಕೇಳಿದರೆ ಬೆರಳು ಎಲ್ಲಿ ಬಿಟ್ಟಿತು, ತುಟಿ ಎಲ್ಲಿ ಹಿಡಿಯಿತು ಎಂದು ಹೇಳಲಾಗುವುದಿಲ್ಲ. ಎರಡೂ ಒಂದಕ್ಕೊಂದು ಕೈಬದಲಿ ಮಾಡಿಕೊಳ್ಳುತ್ತಲೇ ಇರುತ್ತವೆ.

ಅವರಿಗೆ ಅನುಕೂಲವಾದ ಒಂದು ಸಂಗತಿ ವಾದ್ಯದ ಒಡಲಲ್ಲೇ ಇತ್ತು ಅಂತ ನನಗನ್ನಿಸುತ್ತದೆ. ಸ್ಯಾಕ್ಸೊಫೋನಿನ ಕೊಳವೆ ಬಾಯಿಯ ಕಡೆ ಸಣ್ಣ, ಮುಂದೆ ಹೋದಂತೆ ಅಗಲ. ನಾಗಸ್ವರ, ಸನಾದಿಗಳದೂ ಅದೇ ಆಕಾರ. ಇಂಥ ಕೊಳವೆಯಲ್ಲಿ ಊದಿನ ಒತ್ತಡ ಬದಲಿಸಿದರೆ ಸ್ವರ ಸರಿಯಾಗಿ ಒಂದು ಸ್ಥಾಯಿ ಮೇಲೇರುತ್ತದೆ, ಮಧ್ಯ ಷಡ್ಜದಿಂದ ತಾರ ಷಡ್ಜಕ್ಕೆ. ಉದ್ದಕ್ಕೂ ಒಂದೇ ಅಗಲದ ಕ್ಲಾರಿನೆಟ್ ಹಾಗಲ್ಲ. ಅದು ಷಡ್ಜದಿಂದ ಮೇಲಿನ ಸ್ಥಾಯಿಯ ಪಂಚಮಕ್ಕೇ ನೆಗೆಯುತ್ತದೆ. ನಾಗಸ್ವರದ ಮನೆಯಲ್ಲಿ ಬೆಳೆದ ಹುಡುಗನ ಉಸಿರಿಗೆ ಈ ಪರದೇಶಿ ವಾದ್ಯ ಎಲ್ಲೋ ಬಂಧುವಿನಂತೆ ಕಂಡಿರಬೇಕು. ನಾಗಸ್ವರ, ಸನಾದಿಗಳಿಗೆ ಎರಡು ಪದರದ ನಾಲಗೆ, ಇದಕ್ಕೆ ಕ್ಲಾರಿನೆಟ್ಟಿನಂತೆ ಒಂಟಿ ರೀಡು, ಅಷ್ಟು ವ್ಯತ್ಯಾಸ.

ಮಂಗಳೂರಿನ ಕಲಾನಿಕೇತನದಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್ ಅವರ ಬಳಿ ಪಾಠವಾಯಿತು. ಆಮೇಲೆ ಮದ್ರಾಸಿನಲ್ಲಿ, ಹಾಡುಗಾರರೂ ಮೃದಂಗ ವಿದ್ವಾಂಸರೂ ಆದ ಟಿ.ವಿ. ಗೋಪಾಲಕೃಷ್ಣನ್ ಸಿಕ್ಕರು. ಹಾಡುವವರಿಂದ ಕಲಿತದ್ದು ಮುಖ್ಯ. ಕೃತಿಯ ಸಾಹಿತ್ಯ ಎಲ್ಲಿ ಉಸಿರು ತೆಗೆದುಕೊಳ್ಳುತ್ತದೋ ಅಲ್ಲಿಯೇ ಇವರ ಸ್ಯಾಕ್ಸೊಫೋನೂ ಉಸಿರು ತೆಗೆದುಕೊಂಡಿತು. ಹೊಳೆಯುವ ರೇಷ್ಮೆ ಜುಬ್ಬಾ ತೊಟ್ಟು, ಹಣೆಗೆ ಕುಂಕುಮವಿಟ್ಟು, ಚಕ್ಕಳಮಕ್ಕಳ ಹಾಕಿ ಕೂತು ಅವರು ಊದುತ್ತಿದ್ದ ಚಿತ್ರ ನಮ್ಮ ತಲೆಮಾರಿನವರ ಕಣ್ಣಲ್ಲಿ ಹಾಗೇ ಇದೆ.

ಮುಂದಿನ ತಿರುವು 1980ರ ಮುಂಬಯಿಯ ಜಾಝ್ ಉತ್ಸವದಲ್ಲಿ. ಅಲ್ಲಿಗೆ ಬಂದಿದ್ದ ಕ್ಯಾಲಿಫೋರ್ನಿಯಾದ ಜಾನ್ ಹ್ಯಾಂಡಿ, ಗೋಪಾಲನಾಥರನ್ನು ಕೇಳಿ, ನನ್ನೊಂದಿಗೆ ವೇದಿಕೆಗೆ ಬನ್ನಿ ಎಂದು ಕರೆದರು. ಹ್ಯಾಂಡಿ ಸಾಮಾನ್ಯ ಆಸಾಮಿಯಲ್ಲ. ಆಲ್ಟೊ ಅವರ ಮುಖ್ಯ ವಾದ್ಯ. ಆದರೆ ಜಾಝ್ ಚರಿತ್ರೆಯಲ್ಲಿ ಅವರ ಹೆಸರು ನಿಂತಿರುವುದು ಒಂದು ಟೆನರ್ ನುಡಿತದಿಂದ. ಟೆನರ್ ಎಂದರೆ ಆಲ್ಟೊದ ದೊಡ್ಡಣ್ಣ. ದನಿ ಷಡ್ಜದಿಂದ ಮಧ್ಯಮದಷ್ಟು ಕೆಳಗೆ, ಗಂಡಸಿನ ಎದೆಯಿಂದ ಬಂದಂತೆ. ಟೆನರಿನ ಮಹಾವಾದಕ ಲೆಸ್ಟರ್ ಯಂಗ್ 1959ರಲ್ಲಿ ತೀರಿಕೊಂಡಾಗ ಚಾರ್ಲ್ಸ್ ಮಿಂಗಸ್ ಅವನ ನೆನಪಿಗೆ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’ ರಚಿಸಿದ. ಅದೇ ವರ್ಷ ಧ್ವನಿಮುದ್ರಣವಾದ ‘ಮಿಂಗಸ್ ಆ ಅಮ್’ ಆಲ್ಬಂನಲ್ಲಿ ಆ ಶೋಕವನ್ನು ಟೆನರಿನಲ್ಲಿ ನುಡಿಸಿದ್ದು ಹ್ಯಾಂಡಿ. ಅದರಲ್ಲೊಂದು ಜಾಗವಿದೆ: ಒಂದೇ ಸ್ವರದ ಮೇಲೆ ನಾಲಗೆಯನ್ನು ನಡುಗಿಸಿ ಹ್ಯಾಂಡಿ ಅಳುವನ್ನು ಬಿಗಿಹಿಡಿದಂತೆ ನಿಲ್ಲುತ್ತಾರೆ. ಸಾವಿನ ಮನೆಯಲ್ಲಿ ಸನಾದಿ ಕೇಳಿದವರಿಗೆ ಅದು ಹೊಸದೆನಿಸುವುದಿಲ್ಲ. ಮುಂದೆ 1975ರಲ್ಲಿ ಹ್ಯಾಂಡಿ, ಸರೋದಿನ ಅಲಿ ಅಕ್ಬರ್ ಖಾನ್ ಮತ್ತು ತಬಲಾದ ಝಾಕಿರ್ ಹುಸೇನ್ ಜೊತೆ ‘ಕರುಣಾ ಸುಪ್ರೀಮ್’ ಎಂಬ ರೆಕಾರ್ಡು ಮಾಡಿದರು. ರಾಗ ಎಂದರೇನೆಂದು ಐದು ವರ್ಷ ಮೊದಲೇ ಬಲ್ಲವರಾಗಿದ್ದರಿಂದಲೇ ಮುಂಬಯಿಯಲ್ಲಿ ಅವರಿಗೆ ಗೋಪಾಲನಾಥರ ಸಾಧನೆ ಎಷ್ಟು ಕಷ್ಟದ್ದೆಂದು ಕೂಡಲೇ ತಿಳಿಯಿತು ಎಂದು ನಾನು ನಂಬಿದ್ದೇನೆ. ಆ ಒಂದು ಕರೆಯಿಂದ ಪ್ರಾಗ್, ಬರ್ಲಿನ್ನಿನ ಜಾಝ್ ಉತ್ಸವಗಳ ಬಾಗಿಲು ತೆರೆಯಿತು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ನುಡಿಸಿದರು.

ಇಲ್ಲಿ ಒಂದು ಅಡ್ಡಮಾತು ಹೇಳಲೇಬೇಕು. ಗೋಪಾಲನಾಥ್ ನಾಗಸ್ವರ ಬಿಟ್ಟು ಸ್ಯಾಕ್ಸೊಫೋನಿಗೆ ಬಂದರೆ, ಅದಕ್ಕೆ ಎದುರು ದಿಕ್ಕಿನಿಂದ ಬಾಸ್ಟನ್ನಿನ ಸ್ಯಾಕ್ಸೊಫೋನ್ ವಾದಕನೊಬ್ಬ ನಾಗಸ್ವರಕ್ಕೆ ಬಂದ. ಆತ ಚಾರ್ಲಿ ಮರಿಯಾನೊ. ಮಿಂಗಸ್ ತಂಡದಲ್ಲಿ ನುಡಿಸಿದವನೇ. ನಡುವಯಸ್ಸಿನಲ್ಲಿ ನಾಗಸ್ವರ ಕೇಳಿ, ಅದನ್ನು ಕಲಿತು, ತನ್ನ ರೆಕಾರ್ಡುಗಳಲ್ಲಿ ನುಡಿಸಿದ. ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿ ಕಟ್ಟಿದ ಕರ್ನಾಟಕ ಕಾಲೇಜ್ ಆಫ್ ಪರ್ಕಶನ್ ತಂಡ ಮತ್ತು ಗಾಯಕಿ ಆರ್.ಎ. ರಮಾಮಣಿ ಅವರ ಜೊತೆ ಅವನು ಮಾಡಿದ ‘ಜ್ಯೋತಿ’ ಆಲ್ಬಂ 1983ರಲ್ಲಿ ಇಸಿಎಂ ಕಂಪನಿಯಿಂದ ಬಂತು. ರಮಾಮಣಿಯವರ ದನಿ ಮುಗಿದಲ್ಲಿಂದ ಅವನ ಊದು ಶುರುವಾಗುವ ಜಾಗಗಳು ಅದರಲ್ಲಿವೆ. ಕಿವಿಗೊಟ್ಟು ಕೇಳದಿದ್ದರೆ ಕೊರಳು ಯಾವುದು, ಕೊಳವೆ ಯಾವುದು ತಿಳಿಯದು. ಕನ್ನಡ ನಾಡಿನಲ್ಲಿ ಜಾಝ್‌ನ ಚರಿತ್ರೆ ಬರೆಯುವವರು ಈ ಆಲ್ಬಂ ಬಿಟ್ಟು ಮುಂದೆ ಹೋಗಬಾರದು.

1994ರಲ್ಲೇ ಕೆ. ಬಾಲಚಂದರ್ ಅವರ ‘ಡುಯೆಟ್’ ಎಂಬ ತಮಿಳು ಸಿನಿಮಾ ಬಂತು. ನಾಯಕ ಸ್ಯಾಕ್ಸೊಫೋನ್ ವಾದಕ, ಸಂಗೀತ ಎ.ಆರ್. ರೆಹಮಾನ್, ಪರದೆಯ ಹಿಂದೆ ಊದಿದವರು ಗೋಪಾಲನಾಥ್. ಒಂದರ ಹಿಂದೊಂದು ರಾಗ ನುಡಿಸಿ ತೋರಿಸಿದರೂ ನಿರ್ದೇಶಕರಿಗೆ ಹಿಡಿಸದೆ, ಕೊನೆಗೆ ಕಲ್ಯಾಣವಸಂತ ನುಡಿಸಿದಾಗ ಒಪ್ಪಿಗೆಯಾಯಿತು ಎಂದು ಅವರು ಹೇಳಿಕೊಳ್ಳುತ್ತಿದ್ದರು. ಕಛೇರಿಗೆ ಕಾಲಿಡದವರ ಮನೆಗೂ ಆ ದನಿ ಕ್ಯಾಸೆಟ್ಟಿನಲ್ಲಿ ಹೋಯಿತು. ಇವತ್ತು ಕರಾವಳಿಯ ದೇವಸ್ಥಾನದ ಉತ್ಸವ, ಭೂತಕೋಲಗಳಲ್ಲಿ ಸ್ಯಾಕ್ಸೊಫೋನ್ ಇಲ್ಲದ ಮೇಳ ಸಿಗುವುದು ಕಷ್ಟ. ನಮ್ಮ ಕಡೆಯ ಮದುವೆ ಬ್ಯಾಂಡ್ ಕಂಪನಿಗಳಲ್ಲಿಯೂ ಅದು ಟ್ರಂಪೆಟ್, ಕ್ಲಾರಿನೆಟ್ಟುಗಳ ಪಕ್ಕದಲ್ಲಿ ಇಣುಕುತ್ತದೆ, ಸಿನಿಮಾ ಹಾಡಿಗಷ್ಟೇ.

ಈಗ ಬೋಲ್ಡರಿನ ಹುಡುಗನ ಹತ್ತಿರ ವಾಪಸ್ ಬರೋಣ. ಅಣ್ಣ ಕೊಟ್ಟ ಆಲ್ಬಂ ಕೇಳಿದ ರುದ್ರೇಶ್ ಕೂಡಲೇ ಗೋಪಾಲನಾಥರ ಥರ ಊದಲು ಹೊರಡಲಿಲ್ಲ. ಅದನ್ನು ಅವರ ದೊಡ್ಡ ವಿವೇಕ ಎಂದೇ ನಾನು ತಿಳಿದಿದ್ದೇನೆ. ಅವರು ಮೊದಲು ಕಿವಿಗೊಟ್ಟದ್ದು ಮಾತಿಗೆ. ನೀವು ‘ಇಂಡಿಯನ್’ ಮಾತಾಡುತ್ತೀರಾ, ‘ಹಿಂದೂ’ ಮಾತಾಡುತ್ತೀರಾ ಎಂದು ಅಮೆರಿಕದಲ್ಲಿ ಭಾರತ ಮೂಲದವರನ್ನು ಜನ ಕೇಳುವುದುಂಟು. ಅಂಥ ಭಾಷೆಯೇ ಇಲ್ಲ, ನನ್ನದು ಇಂಥ ಭಾಷೆ ಎಂಬ ಉತ್ತರವನ್ನು ಬೇರೆ ಬೇರೆ ಜನರಿಂದ ಅವರವರ ತಾಯ್ನುಡಿಯಲ್ಲೇ ಹೇಳಿಸಿ ಮುದ್ರಿಸಿಕೊಂಡರು. ಆಮೇಲೆ ಅರ್ಥ ಬದಿಗಿಟ್ಟು ಆ ಮಾತುಗಳ ಏರಿಳಿತವನ್ನು ಸ್ವರಗಳಾಗಿ ಬರೆದುಕೊಂಡರು. ಆ ಸ್ವರಸಾಲುಗಳೇ 2004ರ ‘ಮದರ್ ಟಂಗ್’ ಆಲ್ಬಂನ ರಚನೆಗಳಾದವು. ಪಿಯಾನೊ ವಿಜಯ್ ಅಯ್ಯರ್. ಹಾಡುಗಳ ಹೆಸರು ಗುಜರಾತಿ, ತೆಲುಗು, ಕೊಂಕಣಿ, ತಮಿಳು, ಮಲಯಾಳಂ. ಒಂದರ ಹೆಸರು ‘ಕನ್ನಡ’. ಅದರಲ್ಲಿ ಒಂದು ಪದವೂ ಇಲ್ಲ. ಕನ್ನಡಿಗರೊಬ್ಬರು ಮಾತಾಡುವಾಗ ದನಿ ಎಲ್ಲಿ ಏರಿತು, ಎಲ್ಲಿ ತಡೆಯಿತು, ಎಲ್ಲಿ ದಡಬಡಿಸಿ ಓಡಿತು ಅನ್ನುವುದಷ್ಟೇ ಆಲ್ಟೊದಲ್ಲಿದೆ. ನ್ಯೂಯಾರ್ಕಿನ ಜಾಝ್ ಕ್ಲಬ್ಬುಗಳಿಗೆ ನಮ್ಮ ಮಾತಿನ ನಡೆ ಹೀಗೆ ಹೋಗಿ ಸೇರಿತು.

ಇದನ್ನು ಕೇಳಿದಾಗಿನಿಂದ ನನಗೊಂದು ಆಸೆ. ಕನ್ನಡವೆಂದರೆ ಒಂದೇ ರಾಗವೇ? ಹುನಗುಂದದ ಸಂತೆಯಲ್ಲಿ ‘ಊಟಾ ಆತೇನ್ರೀ?’ ಎಂದು ಕೇಳುವಾಗ ದನಿ ‘ಊ’ ಮೇಲೆ ಊರಿ ನಿಂತು, ನಡುವೆ ಸರಸರ ಸರಿದು, ಕೊನೆಯ ‘ರೀ’ಯಲ್ಲಿ ಮೇಲೆದ್ದು ಉದ್ದವಾಗುತ್ತದೆ. ‘ಬರ್ರಿ, ಕುಂದರ್ರಿ’ ಎನ್ನುವಾಗ ಎರಡು ಬಡಿತ, ಎರಡನೆಯದು ತಗ್ಗಿನಲ್ಲಿ. ಇಳಕಲ್ಲಿನ ನೇಕಾರರ ಓಣಿಯಲ್ಲಿ ಮಗ್ಗದ ಸದ್ದಿನ ಮೇಲೆ ಒಬ್ಬರನ್ನೊಬ್ಬರು ಕೂಗಿ ಮಾತಾಡುವಾಗ ಆ ಏರಿಳಿತ ಇನ್ನಷ್ಟು ದೊಡ್ಡದಾಗುತ್ತದೆ, ಮಗ್ಗ ತಾಳ ಕೊಡುತ್ತದೆ. ಬಂಟ್ವಾಳದ ಕನ್ನಡ ಬೇರೆ, ಮೈಸೂರಿನದು ಬೇರೆ, ನಮ್ಮದು ಬೇರೆ. ರುದ್ರೇಶರ ದಾರಿಯಲ್ಲಿ ನಡೆಯುವವರಿಗೆ ಇಲ್ಲಿ ಒಂದೊಂದು ಓಣಿಯೂ ಒಂದು ರಚನೆಯಾದೀತು.

ಮಾತಿನ ನಂತರ ರುದ್ರೇಶ್ ರಾಗದ ಕಡೆ ತಿರುಗಿದರು, ಗೋಪಾಲನಾಥರನ್ನೇ ಹುಡುಕಿಕೊಂಡು ಚೆನ್ನೈಗೆ ಬಂದರು. ಒಬ್ಬರು ಕನ್ನಡ ನಾಡಿನಲ್ಲಿ ಹುಟ್ಟಿ ಸ್ಯಾಕ್ಸೊಫೋನನ್ನು ರಾಗಕ್ಕೆ ತಂದವರು. ಇನ್ನೊಬ್ಬರು ಕನ್ನಡದ ಮನೆಯಿಂದ ದೂರದಲ್ಲಿ ಹುಟ್ಟಿ ಸ್ಯಾಕ್ಸೊಫೋನಿನ ಮೂಲಕ ರಾಗಕ್ಕೆ ಬಂದವರು. ಇಬ್ಬರೂ ಸೇರಿ ಕಟ್ಟಿದ ‘ಕಿನ್ಸ್‌ಮೆನ್’ 2008ರಲ್ಲಿ ಪೈ ರೆಕಾರ್ಡಿಂಗ್ಸ್‌ನಿಂದ ಹೊರಬಂತು. ಪಿಟೀಲು ಎ. ಕನ್ಯಾಕುಮಾರಿ, ಮೃದಂಗ ಪೂವಲೂರ್ ಶ್ರೀಜಿ, ಗಿಟಾರ್ ರೆಝ್ ಅಬ್ಬಾಸಿ. ಎರಡು ಆಲ್ಟೊಗಳು ಎದುರುಬದುರು. ಒಂದು ಅಡ್ಡಾದಿಡ್ಡಿ ನೆಗೆಯುತ್ತದೆ, ಇನ್ನೊಂದು ಬಳಸಿ ಬಳಸಿ ಬಂದು ಅದೇ ಜಾಗ ಸೇರುತ್ತದೆ. ಯಾರೂ ಯಾರ ವೇಷವನ್ನೂ ತೊಟ್ಟುಕೊಂಡಿಲ್ಲ ಅನ್ನುವುದೇ ಅದರ ಹೆಚ್ಚುಗಾರಿಕೆ. ಫ್ಯೂಷನ್ ಹೆಸರಲ್ಲಿ ಬರುವ ರೆಕಾರ್ಡುಗಳಲ್ಲಿ ಸಾಮಾನ್ಯವಾಗಿ ಒಬ್ಬರು ನುಡಿಸುವಾಗ ಇನ್ನೊಬ್ಬರು ತಲೆಯಾಡಿಸುತ್ತ ಕೂತಿರುತ್ತಾರೆ. ಇಲ್ಲಿ ಇಬ್ಬರೂ ಒಬ್ಬರ ಮಾತನ್ನು ಒಬ್ಬರು ಕೇಳಿಸಿಕೊಂಡೇ ಉತ್ತರ ಕೊಡುತ್ತಾರೆ.

ಗೋಪಾಲನಾಥ್ 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು. 2004ರಲ್ಲಿ ಪದ್ಮಶ್ರೀ ಬಂದಿತ್ತು. ಅವರು ಬಿಟ್ಟುಹೋದದ್ದರಲ್ಲಿ ನಾನು ಹೆಚ್ಚು ಬೆಲೆ ಕೊಡುವುದು ಧ್ವನಿಮುದ್ರಣಗಳಿಗೆ. ಬಾಸ್ಟನ್ನಿನವರೆಗೆ ನಡೆದುಹೋದದ್ದು ಕಛೇರಿಯಲ್ಲ, ರೆಕಾರ್ಡು. ನಮ್ಮ ಜಿಲ್ಲೆಗೆ ಇದು ಹೊಸ ವಿಷಯವಲ್ಲ: ಬೀಳಗಿಯ ಅಮೀರಬಾಯಿ ಕರ್ನಾಟಕಿ 1943ರ ‘ಕಿಸ್ಮತ್’ ಸಿನಿಮಾಕ್ಕೆ ಹಾಡಿದ್ದು ಇಂದಿಗೂ ಕೇಳಸಿಗುವುದು ರೆಕಾರ್ಡಿನಿಂದಲೇ. ಆದರೆ ನಮ್ಮ ಸನಾದಿಯವರ ಹಣೆಬರಹ ಬೇರೆ. 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ರಾಜ್‌ಕುಮಾರ್ ಅವರ ಕೈಯಲ್ಲಿ ಸನಾದಿ, ಹಿಂದೆ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ನಾಡಿಗೆಲ್ಲ ಸನಾದಿಯ ಹೆಸರು ಹೋಯಿತು, ನಿಜ. ಇಲ್ಲಿಯ ಕರಡಿ ಮಜಲಿನಲ್ಲಿ ಆಯುಷ್ಯವಿಡೀ ಊದಿದವರ ದನಿ ಮಾತ್ರ ಮೊಬೈಲಿನಲ್ಲಿ ತೆಗೆದ ಮದುವೆ ವಿಡಿಯೊಗಳಲ್ಲಿ, ಪಟಾಕಿ, ಡಿಜೆ ಸದ್ದಿನ ನಡುವೆ ಚೂರುಚೂರಾಗಿ ಸಿಕ್ಕರೆ ಸಿಕ್ಕಿತು. ವಾದಕರನ್ನು ಕೂರಿಸಿ, ಒಳ್ಳೆಯ ಮೈಕು ಇಟ್ಟು, ಅವರಿಗೆ ತಕ್ಕ ಸಂಭಾವನೆ ಕೊಟ್ಟು ಗಂಟೆಗಟ್ಟಲೆ ಮುದ್ರಿಸಿಕೊಳ್ಳುವ ಕೆಲಸ ಬಾಗಲಕೋಟೆಯಲ್ಲಿ ಆಗಬೇಕು, ಈಗಲೇ ಆಗಬೇಕು. ಯಾರ ಅಣ್ಣ ಯಾರಿಗೆ ಅದನ್ನು ಕೊಟ್ಟಾನೋ, ಆ ತಮ್ಮ ಎಲ್ಲಿರುತ್ತಾನೋ ಮುದ್ರಿಸುವ ದಿನ ಯಾರಿಗೂ ಗೊತ್ತಿರುವುದಿಲ್ಲ.

ಕೇಳಬೇಕೆನ್ನುವವರಿಗೆ ಒಂದು ಕ್ರಮ ಹೇಳುತ್ತೇನೆ. ಮೊದಲು ಹ್ಯಾಂಡಿಯ ಟೆನರಿಗಾಗಿ ‘ಗುಡ್‌ಬೈ ಪೋರ್ಕ್ ಪೈ ಹ್ಯಾಟ್’. ಅದು ಆರುವ ಮೊದಲೇ ಗೋಪಾಲನಾಥರ ಯಾವುದಾದರೂ ತೋಡಿ ಅಥವಾ ಕಲ್ಯಾಣವಸಂತ. ಗಾಂಧಾರದ ಮೇಲೆ ಕಿವಿಯಿಡಿ. ಆಮೇಲೆ ‘ಮದರ್ ಟಂಗ್’ನ ‘ಕನ್ನಡ’, ಎರಡು ಸಲ. ಮೊದಲ ಸಲಕ್ಕೆ ಅದು ಬರೀ ಜಾಝ್ ಅನ್ನಿಸಿದರೆ ಗಾಬರಿ ಬೇಡ. ಕೊನೆಗೆ ‘ಕಿನ್ಸ್‌ಮೆನ್’ ಪೂರ್ತಿ, ಕಿವಿಗೆ ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು. ಎರಡು ಆಲ್ಟೊಗಳಲ್ಲಿ ಯಾವುದು ಯಾರದು ಎಂದು ಗುರುತಿಸುವುದನ್ನು ನಿಮಗೇ ಬಿಡುತ್ತೇನೆ.